ಹಳದಿ ಚೀಲದ ಮೇಲಿನ ಮಾತು

ಆಸ್ಪತ್ರೆಯ ನೆಲಮಾಳಿಗೆಗೆ ಆ ಮಾತು ಇಳಿದು ಬಂದದ್ದು ಒಂದು ಚೀಲದ ಮೇಲೆ. ಹಳದಿ ಬಣ್ಣದ ದಪ್ಪ ಪ್ಲಾಸ್ಟಿಕ್ ಚೀಲ, ಅದರ ಹೊಟ್ಟೆಯ ಮೇಲೆ ಅಂಗೈಯಗಲದ ಸ್ಟಿಕ್ಕರ್. ಸ್ಟಿಕ್ಕರಿನಲ್ಲಿ ಕಣ್ಣು ಕಿವುಚಿಕೊಂಡು ನಾಲಿಗೆ ಹೊರಗೆ ಚಾಚಿದ ಒಂದು ಹಸಿರು ಮುಖ. ಮುಖದ ಕೆಳಗೆ ದಪ್ಪಕ್ಷರದಲ್ಲಿ ‘ಯಕ್!’ ಎಂದು ಬರೆದಿತ್ತು.

‘ಇದ್ಯಾರಮ್ಮಾ ಇವನು, ವಾಂತಿ ಮಾಡೋಕೆ ಬಂದಿರೋನು?’ ಎಂದು ಕೇಳಿದವಳು ಒದರಕ್ಕ.

ಒದರಕ್ಕ ಎನ್ನುವುದು ಹೆತ್ತವರು ಇಟ್ಟ ಹೆಸರಲ್ಲ. ಆ ಆಸ್ಪತ್ರೆಯ ಲಾಂಡ್ರಿಯಲ್ಲಿ ಮೇಲಿನ ವಾರ್ಡುಗಳಿಂದ ಬಂದ ಪ್ರತಿಯೊಂದು ಬೆಡ್‌ಶೀಟನ್ನೂ ಮೂಲೆ ಹಿಡಿದು ಒದರಿ ನೋಡದೆ ಅವಳು ಮೆಷಿನ್ನಿಗೆ ಹಾಕುತ್ತಿರಲಿಲ್ಲ, ಅದಕ್ಕೆ ಈ ಹೆಸರು ಎಂದು ಕೆಲವರು ಹೇಳುತ್ತಿದ್ದರು. ಅಲ್ಲ, ಸಿಟ್ಟು ಬಂದರೆ ಮೇಲಿನ ಮಹಡಿಗೂ ಕೇಳುವ ಹಾಗೆ ಒದರುತ್ತಾಳೆ, ಅದಕ್ಕೆ ಎಂದು ಉಳಿದವರು. ಎರಡೂ ಸುಳ್ಳಲ್ಲ. ಒದರಿದಾಗ ಕನ್ನಡಕ ಬಿದ್ದಿದೆ, ಹಲ್ಲಿನ ಸೆಟ್ಟು ಬಿದ್ದಿದೆ, ಒಮ್ಮೆ ಅರ್ಧ ತಿಂದ ಬಿಸ್ಕತ್ತಿನ ಪೊಟ್ಟಣವೂ ಬಿದ್ದಿದೆ. ಅವಳ ಸಿಟ್ಟಿಗೆ ಏನೇನು ಬಿದ್ದಿದೆ ಎಂಬುದನ್ನು ಹೇಳಹೊರಟರೆ ಕತೆ ಮುಗಿಯುವುದಿಲ್ಲ.

ಅವಳು ಆ ಕೆಲಸಕ್ಕೆ ಬಂದಾಗ ಮಗ ಇನ್ನೂ ಅಂಬೆಗಾಲಿಡುತ್ತಿದ್ದ. ‘ಈಗ ಬಂದೆ’ ಎಂದು ಚಪ್ಪಲಿ ಮೆಟ್ಟಿಕೊಂಡು ಹೋದ ಗಂಡ ಈಗಲೂ ಬಂದಿಲ್ಲ. ಆಗ ಮೆಷಿನ್ನುಗಳಿರಲಿಲ್ಲ, ಸಿಮೆಂಟಿನ ತೊಟ್ಟಿಗಳಿದ್ದವು. ಬ್ಲೀಚಿಂಗ್ ಪುಡಿ ಕಲಸಿದ ನೀರಿನಲ್ಲಿ ಮೊಣಕೈವರೆಗೆ ಕೈ ಅದ್ದಿ ಅದ್ದಿ, ಅವಳ ಬೆರಳುಗಳ ಗೆರೆಗಳೇ ಅಳಿಸಿಹೋಗಿದ್ದವು. ಹಾಜರಿ ಹಾಕುವ ಹೊಸ ಯಂತ್ರ ಬಂದಾಗ ಅದು ಅವಳ ಬೆರಳನ್ನು ಗುರುತಿಸಲೇ ಇಲ್ಲ. ‘ನನ್ನ ಬೆರಳು ತಿಂದಿದ್ದೇ ನಿಮ್ಮ ಆಸ್ಪತ್ರೆ, ಈಗ ಗುರುತಿಲ್ಲ ಅನ್ನುತ್ತಲ್ಲ, ಎಂಥಾ ಕೃತಘ್ನ ಡಬ್ಬ!’ ಎಂದು ಅವಳು ಯಂತ್ರಕ್ಕೇ ಬೈದಿದ್ದಳು.

ಅವಳಿಗೆ ಕೆಲಸ ಕಲಿಸಿದ ಮುದುಕಿ ಈಗಿಲ್ಲ. ಆದರೆ ಮುದುಕಿ ಹಾಕಿಕೊಟ್ಟ ಒಂದು ಕಟ್ಟಳೆ ಆ ನೆಲಮಾಳಿಗೆಯಲ್ಲಿ ಉಳಿದಿತ್ತು. ಕಲೆ ಯಾವುದರದು, ಯಾರದು ಎಂದು ಅಲ್ಲಿ ಯಾರೂ ಬಾಯಿಬಿಟ್ಟು ಹೇಳುವ ಹಾಗಿಲ್ಲ. ಕೆಂಪು, ಹಳದಿ, ಕಪ್ಪು ಎಂದು ಬಣ್ಣ ಮಾತ್ರ ಹೇಳಬೇಕು. ಕೆಂಪಿಗೆ ಮೊದಲು ತಣ್ಣೀರು, ಯಾಕೆಂದರೆ ಬಿಸಿನೀರು ತಾಗಿದರೆ ಕಲೆ ಕಚ್ಚಿಕೊಂಡುಬಿಡುತ್ತದೆ. ಹಳದಿಗೆ ಸೋಡಾ. ‘ಮೇಲೆ ಮಲಗಿದೋರ ಮಾನ ಕೆಳಗೆ ನಮ್ಮ ಕೈಲಿರುತ್ತೆ ಕಣೇ’ ಎನ್ನುತ್ತಿದ್ದಳಂತೆ ಮುದುಕಿ. ಮೂಗು ಮುಚ್ಚಿಕೊಂಡವರನ್ನು ಅವಳು ಬೈಯುತ್ತಿರಲಿಲ್ಲ, ಆದರೆ ಮೂಗು ಮುರಿದವರನ್ನು ಅಂದೇ ವಾಪಸು ಕಳಿಸುತ್ತಿದ್ದಳು.

ಅಂಥ ಕೋಣೆಗೆ ಈ ಹಸಿರು ಮುಖ ಬಂತು. ತಂದವನು ಹೊಸ ಸೂಪರ್‌ವೈಸರ್. ಮೆಟ್ಟಿಲಿಳಿಯುವಾಗ ಸೆಂಟು ಹಾಕಿದ ಕರ್ಚೀಫನ್ನು ಮೂಗಿಗೆ ಒತ್ತಿಕೊಂಡೇ ಬರುತ್ತಿದ್ದುದರಿಂದ ಅವನಿಗೆ ಸೆಂಟ್ ಸಾರ್ ಎಂದು ಹೆಸರಾಗಿತ್ತು. ಅವನು ನಿಂತಲ್ಲೇ ಭಾಷಣ ಮಾಡಿದ. ‘ಇನ್ಮೇಲೆ ಗಲೀಜಾಗಿರೋದೆಲ್ಲ ಈ ಚೀಲದಲ್ಲಿ ಬರುತ್ತೆ. ಒದರೋದು ಗಿದರೋದು ಬೇಡ, ಅದರಿಂದ ರೋಗ ಹರಡುತ್ತೆ. ಗ್ಲೌಸ್ ಹಾಕ್ಕೊಂಡು ತೆಗೀಬೇಕು, ಬಿಚ್ಚಿ ನೋಡ್ಬೇಕು, ಹಾಕ್ಬೇಕು, ಅಷ್ಟೇ.’

ಅದರಲ್ಲಿ ತಪ್ಪೇನಿಲ್ಲ. ಒದರಕ್ಕನೂ ತಪ್ಪು ಎನ್ನಲಿಲ್ಲ. ರೋಗ ಹರಡುತ್ತೆ ಅಂದರೆ ಹರಡುತ್ತೆ. ಅವಳು ಅಂದಿನಿಂದಲೇ ಗ್ಲೌಸು ಹಾಕಿದಳು, ಒದರುವುದನ್ನು ಬಿಟ್ಟು ಬಿಚ್ಚಿ ನೋಡುವುದಕ್ಕೆ ನಿಂತಳು. ಅವಳು ಕೇಳಿದ್ದು ಒಂದೇ. ‘ಚೀಲ ಇರ್ಲಿ ಸಾರ್. ಈ ಮುಖ ಯಾಕೆ?’

‘ತಮಾಷೆಗಮ್ಮಾ! ಎಲ್ಲರಿಗೂ ಬೇಗ ಅರ್ಥ ಆಗ್ಲಿ ಅಂತ.’

ಎಲ್ಲರಿಗೂ ಬೇಗ ಅರ್ಥವಾಯಿತು. ವಾರ ಕಳೆಯುವುದರೊಳಗೆ ಮೇಲಿನಿಂದ ಫೋನ್ ಬಂದರೆ, ‘ಹಲೋ, ಯಕ್ ಡಿಪಾರ್ಟ್‌ಮೆಂಟಾ?’ ಎಂದು ಕೇಳುವುದು ಶುರುವಾಯಿತು. ಮೊದಲು ಒದ್ದೆ ಬಟ್ಟೆಗಳನ್ನು ಒಣ ಬಟ್ಟೆಯಲ್ಲಿ ಗಂಟು ಕಟ್ಟಿ ಕೈಗೆ ಕೊಡುತ್ತಿದ್ದ ವಾರ್ಡಿನ ಆಯಾಗಳು ಈಗ ಚೀಲವನ್ನು ಕಾಲಿನಿಂದ ತಳ್ಳಿ ಲಿಫ್ಟಿಗೆ ಹಾಕತೊಡಗಿದರು. ಕ್ಯಾಂಟೀನಿನಲ್ಲಿ ಲಾಂಡ್ರಿಯವರು ಕೂರುವ ಮೇಜಿಗೆ ‘ಯಕ್ ಟೇಬಲ್’ ಎಂದು ಹೆಸರಾಯಿತು. ಆ ಮೇಜಿನಲ್ಲಿ ಜಾಗವಿದ್ದರೂ ಬೇರೆಯವರು ತಟ್ಟೆ ಹಿಡಿದುಕೊಂಡು ನಿಂತೇ ತಿನ್ನತೊಡಗಿದರು. ಬೇಡ ಎಂದವರಿಲ್ಲ, ಹೋಗಿ ಎಂದವರಿಲ್ಲ. ನಗುತ್ತಾ ನಿಂತು ತಿಂದರು.

ಇಲ್ಲಿ ಒಂದು ಮಾತು ಹೇಳಲೇಬೇಕು, ಯಾಕೆಂದರೆ ನನಗೂ ಮೈ ಉರಿಯುತ್ತದೆ. ನಮ್ಮ ಬಾಯಲ್ಲಿ ಹೇಸಿಗೆಗೆ ಮಾತಿಲ್ಲವೇ? ಛೀ ಇದೆ, ಥೂ ಇದೆ, ಇಶ್ಶೀ ಇದೆ. ಇಶ್ಶೀ ಎನ್ನುವುದು ಮಗುವಿನ ಕೈ ಹಿಡಿದು ಹೇಳುವ ಮಾತು. ಛೀ ಎಂದವನ ಮುಖದಲ್ಲಿ ಸಿಟ್ಟಿರುತ್ತದೆ, ಥೂ ಎಂದವನ ಬಾಯಲ್ಲಿ ಉಗುಳಿರುತ್ತದೆ. ಅವನ್ನು ಒಬ್ಬ ಮನುಷ್ಯನ ಎದುರು ಹೇಳಿದರೆ ಆ ಮನುಷ್ಯ ತೋಳೇರಿಸಿ, ‘ಯಾರಿಗಂದೆ? ಇನ್ನೊಂದ್ಸಲ ಅನ್ನು’ ಎಂದು ಕೇಳಬಹುದು. ಹೇಳಿದವನು ಉತ್ತರ ಕೊಡಬೇಕು. ಈ ಯಕ್ ಎಂಬುದಕ್ಕೆ ಉತ್ತರ ಕೊಡುವ ಹಂಗೇ ಇಲ್ಲ. ಅದು ನಗುವಿನೊಳಗೆ ಅಡಗಿಕೊಂಡು ಬರುತ್ತದೆ. ಕೇಳಿದರೆ ‘ಅಯ್ಯೋ, ತಮಾಷೆಗೆ ಅಂದೆ’ ಎನ್ನುತ್ತಾರೆ, ಮೇಲಿಂದ ‘ನಿಮಗೆ ತಮಾಷೆನೇ ಗೊತ್ತಾಗಲ್ಲ’ ಎಂದು ತಪ್ಪನ್ನೂ ನಿಮ್ಮ ತಲೆಗೇ ಕಟ್ಟುತ್ತಾರೆ. ಆ ಕ್ಯಾಂಟೀನಿನಲ್ಲಿ ಒದರಕ್ಕನಿಗೆ ಥೂ ಎನ್ನುವ ಧೈರ್ಯ ಒಬ್ಬರಿಗೂ ಇರಲಿಲ್ಲ. ಯಕ್ ಎನ್ನುವುದಕ್ಕೆ ಧೈರ್ಯವೇ ಬೇಕಾಗಿರಲಿಲ್ಲ.

ಅವಳ ಸೊಸೆ ಅದೇ ಆಸ್ಪತ್ರೆಯ ಮುಂದಿನ ಆಫೀಸಿನಲ್ಲಿದ್ದಳು. ಗೋಡೆಗೆ ಅಂಟಿಸುವ ಪೋಸ್ಟರು, ಬೋರ್ಡು, ‘ಇಲ್ಲಿ ಚಪ್ಪಲಿ ಬಿಡಿ’ ಎಂಬಂಥವನ್ನೆಲ್ಲ ಕಂಪ್ಯೂಟರಿನಲ್ಲಿ ಮಾಡುವುದು ಅವಳ ಕೆಲಸ. ಆ ಕೆಲಸ ಕೊಡಿಸಲು ದೊಡ್ಡ ಮ್ಯಾನೇಜರ ಬಾಗಿಲಲ್ಲಿ ನಿಂತು, ‘ನನ್ನ ಸೊಸೆ ಸಾರ್, ಕೈ ಚುರುಕು’ ಎಂದು ಹೇಳಿ ಬಂದಿದ್ದವಳು ಒದರಕ್ಕನೇ. ಸೊಸೆ ಕೆಟ್ಟವಳಲ್ಲ. ನಗುಮುಖದವಳು, ಅತ್ತೆಗೆ ಮೊಬೈಲು ಬಳಸುವುದನ್ನು ಹೇಳಿಕೊಟ್ಟವಳು. ಅವಳಿಗೀಗ ದಿನ ತುಂಬುತ್ತಿತ್ತು.

ಮೊದಲ ತಿಂಗಳುಗಳಲ್ಲಿ ಅವಳಿಗೆ ನೀರು ಕುಡಿದರೂ ವಾಂತಿ. ಬಚ್ಚಲಿಗೆ ಓಡುವಷ್ಟರಲ್ಲಿ ಹಾಸಿಗೆಯ ಮೇಲೇ ಆಗಿಬಿಡುತ್ತಿತ್ತು. ಒದರಕ್ಕ ಬರಿಗೈಯಲ್ಲಿ ಬಾಚಿ, ಬಟ್ಟೆ ಬದಲಿಸಿ, ಹಣೆ ಒತ್ತಿ ಹಿಡಿದು ಕೂರುತ್ತಿದ್ದಳು. ‘ನನಗೇ ಹೇಸಿಗೆ ಆಗುತ್ತೆ ಅತ್ತೆ’ ಎಂದು ಸೊಸೆ ಅತ್ತರೆ, ‘ಹೊಟ್ಟೆಯೊಳಗಿರೋದು ಹೊರಗೆ ಬಂತು, ಅದ್ರಲ್ಲಿ ಹೇಸೋದೇನು’ ಎನ್ನುತ್ತಿದ್ದಳು.

ಒಂದು ಸಂಜೆ ತರಕಾರಿ ಹೆಚ್ಚುತ್ತಾ ಅವಳು ಸೊಸೆಯನ್ನೇ ಕೇಳಿದಳು. ‘ಯಕ್ ಅಂದ್ರೆ ಏನಮ್ಮಾ, ಸರಿಯಾಗಿ ಹೇಳು.’

ಸೊಸೆಯ ಮುಖ ಒಂದು ಗಳಿಗೆ ಕೆಂಪಾಯಿತು. ‘ಅದಾ? ಕಹಿ ಔಷಧಿ ಕುಡಿದ್ರೆ ಅಂತೀವಲ್ಲ. ಕಾಲಿಗೆ ಏನಾದ್ರೂ ಮೆತ್ಕೊಂಡ್ರೆ, ಊಟದಲ್ಲಿ ಕೂದಲು ಸಿಕ್ರೆ... ವಸ್ತುಗಳಿಗೆ ಹೇಳೋದು ಅತ್ತೆ, ಮನುಷ್ಯರಿಗಲ್ಲ.’

‘ಮತ್ತೆ ನನ್ನ ನೋಡಿ ಯಾಕಂತಾರೆ?’

‘ನಿಮಗಲ್ಲ ಅತ್ತೆ, ಚೀಲಕ್ಕೆ.’

‘ಚೀಲ ಕ್ಯಾಂಟೀನಿಗೆ ಬಂದು ಊಟ ಮಾಡಲ್ವಲ್ಲ’ ಎಂದಳು ಒದರಕ್ಕ. ಸೊಸೆ ಎದ್ದು ಒಳಗೆ ಹೋದಳು.

ಬಾಣಂತನದ ಮಾತು ಬಂದಾಗ ವಿಷಯ ಹೊರಗೆ ಬಿತ್ತು. ಸೊಸೆಯೇ ತೆಗೆದಳು, ನಗುನಗುತ್ತಲೇ ತೆಗೆದಳು. ‘ಅತ್ತೆ, ಬೇಜಾರು ಮಾಡ್ಕೋಬೇಡಿ. ಪಾಪು ಹುಟ್ಟಿದ ಮೇಲೆ ಸ್ವಲ್ಪ ದಿನ ನೀವು ಎತ್ಕೊಳ್ಳೋದು ಬೇಡ. ನೀವು ಕೈ ತೊಳ್ಕೋತೀರ, ಗೊತ್ತು. ಆದ್ರೂ ನಿಮ್ಮ ಕೆಲಸ ಸ್ವಲ್ಪ... ಯಕ್ ಅಲ್ವಾ?’

ಮಗ ಟಿವಿಯಲ್ಲಿ ಮುಖ ಹೂತುಕೊಂಡ. ಅದರಲ್ಲಿ ಬರುತ್ತಿದ್ದದ್ದು ಸೋಪಿನ ಜಾಹೀರಾತು, ಅಷ್ಟು ಗಮನ ಕೊಟ್ಟು ನೋಡುವಂಥದ್ದಲ್ಲ.

ಒದರಕ್ಕ ಆಗ ಒದರಲಿಲ್ಲ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಎಂದುಕೊಂಡು, ತರಕಾರಿ ಹೆಚ್ಚುತ್ತಿದ್ದ ಚಾಕು ಕೆಳಗಿಟ್ಟು ತನ್ನ ಎರಡೂ ಕೈ ನೋಡಿಕೊಂಡಳು. ಗೆರೆಯಿಲ್ಲದ, ಬೆಳ್ಳಗೆ ಸಿಪ್ಪೆ ಎದ್ದ ಕೈ. ಈ ಕೈಯಲ್ಲಿ ಬಾಚಿದ ವಾಂತಿ ಯಾರದ್ದು ಎಂದು ಕೇಳಬೇಕೆನಿಸಿತು. ಮಾಡಿದ್ದನ್ನು ಆಡಿ ತೋರಿಸುವ ಜಾತಿಯಲ್ಲ ಅವಳು.

ಆದರೆ ಮಾರನೆಯ ದಿನ ಸೆಂಟ್ ಸಾರ್ ಬಾಗಿಲಲ್ಲಿ ನಿಂತು ಹೇಳಿದ, ಹೊಗಳುವ ಧಾಟಿಯಲ್ಲೇ ಹೇಳಿದ. ‘ನಿಮ್ಮ ಸೊಸೆ ಭಾರಿ ಬುದ್ಧಿವಂತೆ ರೀ. ಆ ಸ್ಟಿಕ್ಕರ್ ಅವಳೇ ಮಾಡಿದ್ದು. ಮೀಟಿಂಗಲ್ಲಿ ಎಲ್ಲರೂ ಚಪ್ಪಾಳೆ ಹೊಡೆದ್ರು.’

ಆ ಸಂಜೆ ಅವಳ ಮನೆಯ ಸುತ್ತಲಿನ ನಾಲ್ಕು ಮನೆಗೂ ಟಿವಿ ಕೇಳಿಸಲಿಲ್ಲ.

‘ನನ್ನ ಅನ್ನ ತಿಂದು ನನ್ನ ಮುಖಕ್ಕೇ ಅಂಟಿಸಿದ್ಯಲ್ಲೇ! ಯಾರ ಮುಖ ನೆನೆಸ್ಕೊಂಡು ಬರೆದೆ ಆ ಹಸಿರು ಮೂತೀನ?’

‘ನಿಮ್ಮನ್ನ ನೆನೆಸ್ಕೊಂಡಿಲ್ಲ ಅತ್ತೆ! ನಿಮ್ಮ ನೆನಪೇ ಬರ್ಲಿಲ್ಲ!’

‘ಅದೇ ಹೇಳ್ತಿರೋದು! ಬರ್ಲಿಲ್ಲ! ಆ ಚೀಲ ಬಿಚ್ಚೋ ಕೈ ಯಾರ್ದು ಅಂತ ನಿನಗೆ ನೆನಪೇ ಬರ್ಲಿಲ್ಲ!’

‘ಅಮ್ಮಾ, ಬಸುರಿ ಹೆಂಗಸು, ಸುಮ್ನಿರಮ್ಮಾ’ ಎಂದ ಮಗ.

‘ನೀನು ಸುಮ್ನಿರು. ನಿನ್ನೆ ಹೆಂಗೆ ಸುಮ್ನಿದ್ಯೋ ಹಂಗೇ ಇರು.’ ಅವಳು ಬಾಗಿಲ ಚೌಕಟ್ಟು ಹಿಡಿದು ನಿಂತಳು. ‘ಕೇಳಿಸ್ಕೊಳ್ಳಿ ಇಬ್ಬರೂ. ಆ ಹೆಸರು ಆ ಚೀಲದ ಮೇಲಿರೋ ತನಕ ನಿಮ್ಮ ಮಗೂನ ನಾನು ಮುಟ್ಟಲ್ಲ. ನೀವು ಬೇಡ ಅನ್ನೋದಲ್ಲ. ನಾನು ಮುಟ್ಟಲ್ಲ.’

ಹೇಳಿದ್ದು ಹೇಳಿಬಿಟ್ಟಳು. ಆದರೆ ಮಗುವಿಗೆಂದು ಅವಳು ಆಗಲೇ ಒಂದು ಪುಟ್ಟ ಹೊದಿಕೆ ಹೊಲಿದಿದ್ದಳು. ಒಗೆದು ಒಗೆದು ಬೆಣ್ಣೆಯಾದ ಹಳೆಯ ಹತ್ತಿ ಬಟ್ಟೆ, ಅಂಚಿಗೆ ನೀಲಿ ದಾರದ ಹೊಲಿಗೆ. ಅದನ್ನು ಏನು ಮಾಡಬೇಕೆಂದು ತಿಳಿಯದೆ ಸೊಸೆ ಹೆರಿಗೆಗೆಂದು ತುಂಬಿಟ್ಟಿದ್ದ ಬಟ್ಟೆಯ ಚೀಲದ ತಳದಲ್ಲಿ, ಯಾರೂ ನೋಡದಾಗ ತುರುಕಿದಳು. ಸಿಟ್ಟು ಬಾಯಿಯದು, ಕೈಗೆ ಅದು ಗೊತ್ತಾಗುವುದಿಲ್ಲ.

ಹೆರಿಗೆಯಾದದ್ದು ಒಂದು ಬೆಳಿಗ್ಗೆ, ಅದೇ ಆಸ್ಪತ್ರೆಯಲ್ಲಿ. ಮಗ ನೆಲಮಾಳಿಗೆಯ ಮೆಟ್ಟಿಲ ಮೇಲಿನಿಂದಲೇ ಕೂಗಿದ. ‘ಅಮ್ಮಾ, ಹೆಣ್ಣು! ಬಾ!’

‘ತಾಯಿ ಚೆನ್ನಾಗಿದಾಳಾ?’

‘ಚೆನ್ನಾಗಿದಾಳೆ. ಬಾ ಅಮ್ಮಾ.’

‘ಕೆಲಸ ಇದೆ’ ಎಂದಳು ಅವಳು. ಪಕ್ಕದಲ್ಲಿ ಇಸ್ತ್ರಿಯ ರೋಲರ್ ತಿರುಗಿಸುತ್ತಿದ್ದ ಗೆಳತಿ, ‘ನಿನ್ನ ಹಟಕ್ಕಿಷ್ಟು! ಹೋಗಿ ನೋಡೇ’ ಎಂದು ಗದರಿದಳು. ಒದರಕ್ಕ ಮೆಷಿನ್ನಿನ ಗಾಜಿನೊಳಗೆ ತಿರುಗುವ ಬಿಳಿ ಬಟ್ಟೆಗಳನ್ನೇ ನೋಡುತ್ತಾ ನಿಂತಳು. ಕಣ್ಣು ಉರಿಯುತ್ತಿತ್ತು. ಬ್ಲೀಚು ಎಂದಳು.

ಮಧ್ಯಾಹ್ನ ಹೆರಿಗೆ ವಾರ್ಡಿನ ಹಳದಿ ಚೀಲಗಳು ಬಂದವು. ಒಂದನ್ನು ಬಿಚ್ಚಿದಳು. ಕೆಂಪು, ತಣ್ಣೀರಿಗೆ. ಮತ್ತೂ ಕೆಂಪು. ತಳದಲ್ಲಿ ಒಂದು ಸಣ್ಣ ಬಟ್ಟೆ ಮುದುಡಿಕೊಂಡಿತ್ತು. ಬಿಡಿಸಿದಳು. ನೀಲಿ ದಾರದ ಅಂಚು. ನಡುವೆ ಡಾಂಬರಿನ ಹಾಗೆ ಕಪ್ಪಗೆ ಅಂಟಂಟಾಗಿ ಮಗುವಿನ ಮೊದಲ ಹೇಲು.

ಅವಳು ಚೀಲದ ಹೊಟ್ಟೆಯತ್ತ ನೋಡಿದಳು. ಹಸಿರು ಮುಖ ನಾಲಿಗೆ ಚಾಚಿಕೊಂಡು ಅವಳನ್ನೇ ನೋಡುತ್ತಿತ್ತು. ಅವಳ ಮೊಮ್ಮಗಳು ಈ ಲೋಕಕ್ಕೆ ಬಂದು ಮಾಡಿದ ಮೊದಲನೆಯ ಕೆಲಸಕ್ಕೆ ಈ ಲೋಕ ಹೇಳಿದ ಮೊದಲನೆಯ ಮಾತು ಅದು. ಸಿಟ್ಟು ನೆತ್ತಿಗೇರಿತು. ಜೊತೆಗೆ ಇನ್ನೊಂದೂ ಹೊಳೆಯಿತು: ಸೊಸೆ ತನ್ನ ಬಟ್ಟೆಯ ಚೀಲದ ತಳದವರೆಗೆ ಹುಡುಕಿ, ಎಲ್ಲ ಬಿಟ್ಟು ಇದನ್ನೇ ತೆಗೆದು ಮಗುವಿಗೆ ಸುತ್ತಿದ್ದಾಳೆ.

ಆ ಬಟ್ಟೆಯನ್ನು ಅವಳು ಮೆಷಿನ್ನಿಗೆ ಹಾಕಲಿಲ್ಲ. ಗ್ಲೌಸು ಕಿತ್ತೆಸೆದು, ಮೂಲೆಯ ಹಳೆಯ ತೊಟ್ಟಿಯಲ್ಲಿ ಕೈಯಿಂದ ಉಜ್ಜಿ ತೊಳೆದಳು, ಕುದಿಯುವ ನೀರಲ್ಲಿ ಅದ್ದಿ ತೆಗೆದಳು, ರೋಲರಿನಲ್ಲಿ ಒಣಗಿಸಿದಳು. ತನ್ನ ಕೈಯನ್ನೂ ಮೊಣಕೈವರೆಗೆ ತೊಳೆದು, ಮೇಲಂಗಿ ಬದಲಿಸಿ, ಬಿಸಿ ಆರದ ಆ ಹೊದಿಕೆ ಹಿಡಿದು ಮುಂಬಾಗಿಲ ಲಿಫ್ಟಿನಲ್ಲೇ ಮೇಲೆ ಹೋದಳು. ಲಾಂಡ್ರಿಯವರು ಆ ಲಿಫ್ಟು ಹತ್ತುವಂತಿಲ್ಲ. ಲಿಫ್ಟಿನವನು ಅವಳ ಮುಖ ನೋಡಿ ಗುಂಡಿ ಒತ್ತಿದ.

ವಾರ್ಡಿನ ಬಾಗಿಲಲ್ಲಿ ಇಬ್ಬರು ಆಯಾಗಳು ನಿಂತಿದ್ದರು. ಒಬ್ಬಳು ಮೂಗು ಹಿಡಿದುಕೊಂಡು ನಗುತ್ತಿದ್ದಳು. ‘ಮತ್ತೆ ಒದ್ದೆ ಮಾಡ್ಕೊಂಡಿದಾಳೆ ಕಣೇ. ಯಕ್! ನೀನು ಹೋಗು, ನಾನು ಹೋಗಲ್ಲ.’

ಒಳಗೆ ಸೊಸೆ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಹೆರಿಗೆಯ ನೋವಿಗೆ ಮೈ ಹಿಡಿತ ತಪ್ಪಿ, ರಕ್ತದ ಜೊತೆ ಮೂತ್ರವೂ ಹೋಗಿ, ಅದೇ ಒದ್ದೆಯಲ್ಲಿ ಬಿದ್ದಿದ್ದಳು. ಗಂಟೆ ಒತ್ತಿ ಒತ್ತಿ ಸಾಕಾಗಿತ್ತು. ಬಾಗಿಲಲ್ಲಿ ಆಡಿದ್ದೆಲ್ಲ ಅವಳಿಗೆ ಕೇಳಿಸಿತ್ತು. ಅತ್ತೆಯನ್ನು ಕಂಡವಳೇ ಹೊದಿಕೆ ಬಿಗಿಯಾಗಿ ಎಳೆದುಕೊಂಡಳು.

‘ನೋಡ್ಬೇಡಿ ಅತ್ತೆ. ಥೂ, ನೋಡ್ಬೇಡಿ.’

‘ನೋಡದೆ ಹೆಂಗೆ ಬದಲಾಯಿಸ್ಲಿ? ಆ ಕಡೆ ಹೊರಳು. ಮೆಲ್ಲಗೆ. ನನ್ನ ತೋಳು ಹಿಡ್ಕೋ.’

ಅವಳು ಸೊಸೆಯನ್ನು ಒಂದು ಮಗ್ಗುಲಿಗೆ ಹೊರಳಿಸಿ, ಒದ್ದೆಯ ಶೀಟನ್ನು ಬೆನ್ನಿನವರೆಗೆ ಸುರುಳಿ ಸುತ್ತಿ, ಬಿಸಿನೀರಿನ ಬಟ್ಟೆಯಿಂದ ಒರೆಸಿ, ಒಣ ಶೀಟನ್ನು ಸೇರಿಸಿ, ಈ ಮಗ್ಗುಲಿಗೆ ಹೊರಳಿಸಿ ಎಳೆದಳು. ಇಷ್ಟೂ ಹೊತ್ತು ಬಾಯಿ ಮಾತ್ರ ಬಾಗಿಲ ಕಡೆಗಿತ್ತು. ‘ನಿಮ್ಮ ಅಮ್ಮಂದಿರು ನಿಮ್ಮನ್ನ ಒಣಗಿರೋ ಜಾಗದಲ್ಲಿ ಹೆತ್ರೇನ್ರೇ? ಒಂದು ಹೆಣ್ಣು ನೋವಲ್ಲಿ ಬಿದ್ದಿದ್ರೆ ಬಾಗಿಲಲ್ಲಿ ನಿಂತು ಹಲ್ಲು ಕಿಸೀತೀರಾ! ನಾಚಿಕೆ ಆಗ್ಬೇಕು ನಿಮಗೆ!’ ಆಯಾಗಳು ಕಾಲಿಗೆ ಬುದ್ಧಿ ಹೇಳಿದರು.

ಸೊಸೆ ಬಿಕ್ಕುತ್ತಿದ್ದಳು. ‘ಆ ಮಾತು ನಂದೇ ಅತ್ತೆ. ನಾನೇ ಬರೆದಿದ್ದು.’

‘ಹೂಂ. ನಿಂದೇ’ ಎಂದಳು ಒದರಕ್ಕ. ಹೋಗಲಿ ಬಿಡು ಎನ್ನಲಿಲ್ಲ. ಹೋಗಲಿ ಬಿಡು ಎನ್ನುವಂಥದ್ದಾಗಿರಲಿಲ್ಲ ಅದು.

ತೊಟ್ಟಿಲಲ್ಲಿ ಮಗು ಮುಷ್ಟಿ ಬಿಗಿದು ಮಲಗಿತ್ತು. ಮೂಗು ಮಗನದು, ಹಣೆ ಸೊಸೆಯದು, ಮುಖ ಗಂಟು ಹಾಕಿಕೊಂಡ ರೀತಿ ಮಾತ್ರ ಯಾರದೆಂದು ಕೇಳುವುದೇ ಬೇಡ. ‘ಎತ್ಕೊಳ್ಳಿ ಅತ್ತೆ. ನಿಮ್ಮ ಕಾಲಿಗೆ ಬೀಳ್ತೀನಿ, ಎತ್ಕೊಳ್ಳಿ’ ಎಂದಳು ಸೊಸೆ.

ಒದರಕ್ಕನ ಎರಡೂ ಕೈ ತಾವಾಗಿ ಮುಂದೆ ಹೋದವು. ಅವಳು ಅವನ್ನು ಹಿಂದಕ್ಕೆ ಎಳೆದುಕೊಂಡಳು. ‘ಆ ಹೆಸರು ಇನ್ನೂ ಕೆಳಗಿದೆ’ ಎಂದಳು. ಹೊದಿಕೆಯನ್ನು ತೊಟ್ಟಿಲ ಅಂಚಿಗೆ ಹಾಕಿ, ಒದ್ದೆ ಶೀಟನ್ನು ಒಣ ಶೀಟಿನಲ್ಲಿ ಹಳೆಯ ಪದ್ಧತಿಯಂತೆ ಗಂಟು ಕಟ್ಟಿ ಎತ್ತಿಕೊಂಡು ಹೊರಬಂದಳು. ಮೆಟ್ಟಿಲ ತಿರುವಿನಲ್ಲಿ ಕುಳಿತು ಆ ಗಂಟನ್ನೇ ಅಪ್ಪಿಕೊಂಡು ಅತ್ತಳು. ಸಿಟ್ಟಿಗೂ ಅತ್ತಳು, ಆಸೆಗೂ ಅತ್ತಳು.

ಆ ಸ್ಟಿಕ್ಕರ್ ತೆಗೆಸಿ ಎಂದು ಸೊಸೆ ಹಾಸಿಗೆಯಿಂದಲೇ ಆಫೀಸಿಗೆ ಫೋನ್ ಮಾಡಿದಳಂತೆ. ಹೊಸ ಚೀಲಗಳೆಲ್ಲ ಸ್ಟಿಕ್ಕರ್ ಸಮೇತ ಬಂದಾಗಿದೆ, ಚಿಕ್ಕ ವಿಷಯಕ್ಕೆ ಇಷ್ಟು ರಂಪ ಯಾಕೆ ಎಂದು ಸೆಂಟ್ ಸಾರ್ ನಕ್ಕನಂತೆ.

ಮನೆಗೆ ಕಳಿಸುವ ದಿನ ಮಗ ಮುಂಬಾಗಿಲಲ್ಲಿ ಆಟೋ ನಿಲ್ಲಿಸಿ ಕಾಯುತ್ತಿದ್ದ. ಸೊಸೆ ಆ ಕಡೆ ಹೋಗಲಿಲ್ಲ. ಮಗುವನ್ನು ಎದೆಗೊತ್ತಿಕೊಂಡು, ಗೋಡೆ ಹಿಡಿದು, ಒಂದೊಂದೇ ಮೆಟ್ಟಿಲಿಳಿದು ನೆಲಮಾಳಿಗೆಗೆ ಬಂದಳು. ಮದುವೆಯಾಗಿ ಇಷ್ಟು ದಿನವಾದರೂ ಅತ್ತೆ ಕೆಲಸ ಮಾಡುವ ಜಾಗಕ್ಕೆ ಅವಳು ಬಂದದ್ದು ಅದೇ ಮೊದಲು. ಹಬೆ, ಸದ್ದು, ಬ್ಲೀಚಿನ ಘಾಟು. ಅವಳು ಸುತ್ತ ನೋಡಿ, ರೋಲರಿನಿಂದ ಆಗತಾನೇ ಇಳಿದ ಬಿಳಿ ಶೀಟುಗಳ ರಾಶಿಯ ಮೇಲೆ ಮಗುವನ್ನು ಮಲಗಿಸಿದಳು. ಇಸ್ತ್ರಿಯ ಗೆಳತಿ ಓಡಿಬಂದು ಪಕ್ಕದಲ್ಲಿ ಕೈ ಅಡ್ಡ ಹಿಡಿದು ನಿಂತಳು.

ಸೊಸೆ ನೆಲದ ಮೇಲೆ ಕುಳಿತಳು. ಮೂಲೆಯಲ್ಲಿ ಪೇರಿಸಿಟ್ಟಿದ್ದ ಹಳದಿ ಚೀಲಗಳ ಕಟ್ಟನ್ನು ಎಳೆದುಕೊಂಡು ಒಂದೊಂದರ ಮೇಲಿನ ಹಸಿರು ಮುಖವನ್ನೂ ಉಗುರಿನಿಂದ ಕೆರೆದು ಕೀಳತೊಡಗಿದಳು. ಗಟ್ಟಿ ಅಂಟು. ಉಗುರು ಮುರಿಯಿತು. ಯಾರೂ ಸಹಾಯಕ್ಕೆ ಹೋಗಲಿಲ್ಲ, ಒದರಕ್ಕನೂ ಹೋಗಲಿಲ್ಲ. ಮೆಷಿನ್ನುಗಳು ಒಂದು ಸುತ್ತು ಮುಗಿಸಿ ನಿಂತವು. ಕೊನೆಯ ಚೀಲವೂ ಬೋಳಾದ ಮೇಲೆ ಸೊಸೆ ತಲೆಯೆತ್ತಿ ಅತ್ತೆಯನ್ನು ನೋಡಿದಳು.

ಒದರಕ್ಕ ಕೈ ತೊಳೆದುಕೊಂಡು ಬಂದು ಮೊಮ್ಮಗಳನ್ನು ಎತ್ತಿಕೊಂಡಳು.

‘ಏನಿದು ಜಾತ್ರೆ? ಚೀಲಗಳಿಗೇನು ಮಾಡಿದ್ರಿ?’ ಎನ್ನುತ್ತಾ ಸೆಂಟ್ ಸಾರ್ ಮೆಟ್ಟಿಲಿಳಿದು ಬಂದ. ಅದೇ ಹೊತ್ತಿಗೆ ಮಗು ಒಂದು ತೇಗು ತೇಗಿ, ಕುಡಿದ ಹಾಲನ್ನೆಲ್ಲ ಮೊಸರು ಮೊಸರಾಗಿ ಅಜ್ಜಿಯ ಹೆಗಲ ಮೇಲೆ ಕಾರಿತು. ಅದು ಬೆನ್ನಿಗೂ ಹರಿಯಿತು. ಸೆಂಟ್ ಸಾರ್ ಕರ್ಚೀಫು ಮೂಗಿಗೇರಿಸಿದ. ಅವನ ಕಣ್ಣು ಕಿವುಚಿಕೊಂಡವು, ತುಟಿ ಅಗಲವಾದವು, ಮಾತು ನಾಲಿಗೆಯ ತುದಿಗೆ ಬಂತು.

ಸೊಸೆ ಎದ್ದು ಅಂಗೈಯಿಂದಲೇ ಅತ್ತೆಯ ಹೆಗಲು ಒರೆಸಿದಳು. ಒದರಕ್ಕ ಮಗುವಿನ ಬೆನ್ನು ತಟ್ಟುತ್ತಾ ಅವನ ಎದುರಿಗೆ ಬಂದು ನಿಂತಳು. ದನಿ ಏರಿಸಲಿಲ್ಲ.

‘ಹೇಳಿ ಸಾರ್’ ಎಂದಳು. ‘ಬಾಯಿಗೆ ಬಂದಿದೆಯಲ್ಲ. ಈಗ ಹೇಳಿ.’

ಅವನು ಮಗುವನ್ನು ನೋಡಿದ, ಅವಳನ್ನು ನೋಡಿದ, ಕರ್ಚೀಫನ್ನು ಜೇಬಿಗೆ ಹಾಕಿಕೊಂಡು ಮೆಟ್ಟಿಲು ಹತ್ತಿದ.